ತೆರೆಯ ಮುಂದೆ ಡಮಾಮಿ: ಕಪ್ಪು ಜನರ ಸಂಗೀತಚಿತ್ರಗಳು ಮತ್ತು ಊರ ಪ್ರದರ್ಶನ

ಸಂಗೀತವನ್ನೇ ವಸ್ತುವಾಗಿಸಿಕೊಂಡ ಚಲನಚಿತ್ರವೊಂದನ್ನು ಊರಿನ ಸಭಾಂಗಣದಲ್ಲೋ ಬಯಲಿನಲ್ಲೋ ಹಲವರು ಒಟ್ಟಿಗೆ ಕೂತು ನೋಡುವುದು, ಚಿತ್ರ ಮುಗಿದೊಡನೆ ಅದೇ ಪರಂಪರೆಯ ಅಥವಾ ಅದಕ್ಕೆ ನೆಂಟಸ್ತಿಕೆಯಿರುವ ಕಲಾವಿದರು ಎದುರಿಗೆ ಬಂದು ಹಾಡುವುದು, ಆಮೇಲೆ ನೋಡಿದವರೂ ಹಾಡಿದವರೂ ಸೇರಿ ಆ ಕುರಿತು ಮಾತಾಡುವುದು, ಹೀಗೆ ಮೂರೂ ಒಂದೇ ಸಂಜೆಯಲ್ಲಿ ಕೂಡಿಬರುವ ಪ್ರದರ್ಶನಗಳು ಹೊರದೇಶಗಳಲ್ಲಿ ಕಪ್ಪು ಜನರ ಸಂಗೀತದ ಚಿತ್ರಗಳ ಸುತ್ತ ಬೆಳೆದಿವೆ. ಇದನ್ನು ದೂರದವರ ಹವ್ಯಾಸವೆಂದು ಬದಿಗಿಡುವಂತಿಲ್ಲ. ಈ ರೂಪಕ್ಕೆ ಬೇಕಾದ ಅಂಗಗಳೆಲ್ಲ ಕರ್ನಾಟಕದ ಮಲೆನಾಡಿನಲ್ಲೂ ಅದರ ಅಂಚಿನಲ್ಲೂ ಐವತ್ತು ವರ್ಷಗಳಿಂದ ಬೇರೆ ಬೇರೆಯಾಗಿ ಬೆಳೆದುಕೊಂಡು ಬಂದಿವೆ. ತರೀಕೆರೆ, ಕಡೂರು, ಅಜ್ಜಂಪುರಗಳ ಸೀಮೆಯಲ್ಲಿ ನಿಂತು ನೋಡಿದರೆ ಅವು ಇನ್ನೂ ಹತ್ತಿರವಾಗಿ ಕಾಣುತ್ತವೆ. ಪಕ್ಕದ ಭದ್ರಾವತಿಯಲ್ಲಿ ದಲಿತ ಚಳವಳಿಯ ಹಾಡು, ಸಾಗರದಾಚೆಯ ಹೆಗ್ಗೋಡಿನಲ್ಲಿ ಹಳ್ಳಿಯ ಚಿತ್ರಸಮಾಜ, ಉತ್ತರ ಕನ್ನಡದ ಕಾಡಿನಲ್ಲಿ ಆಫ್ರಿಕಾ ಮೂಲದ ಸಿದ್ದಿಯರ ಡಮಾಮಿ ವಾದ್ಯ ಇವೆ.

ಕಪ್ಪು ಜನರ ಸಂಗೀತವೆಂದರೆ ಒಂದು ಶೈಲಿಯಲ್ಲ. ಆಫ್ರಿಕಾದಿಂದ ಗುಲಾಮರಾಗಿ ಅಮೆರಿಕ ಖಂಡಗಳಿಗೆ ಸಾಗಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ತಲೆಮಾರುಗಳ ಉದ್ದಕ್ಕೂ ಕಟ್ಟಿದ ಹಲವು ಹಾಡಿನ ಬಗೆಗಳಿಗೆ ಒಟ್ಟಾಗಿ ಈ ಹೆಸರು ಸಲ್ಲುತ್ತದೆ. ಹೊಲದ ದುಡಿಮೆಯ ನಡುವೆ ಹುಟ್ಟಿದ ಭಕ್ತಿಗೀತೆಗಳು ಸ್ಪಿರಿಚುವಲ್ ಎನಿಸಿದವು. ಅವು ಚರ್ಚಿನೊಳಗೆ ವಾದ್ಯಮೇಳದೊಡನೆ ಬೆಳೆದು ಗಾಸ್ಪೆಲ್ ಆದವು. ಒಂಟಿ ಗಾಯಕ ತನ್ನ ದುಃಖವನ್ನು, ಪ್ರೀತಿಯನ್ನು, ಊರು ಬಿಟ್ಟು ಹೊರಟ ಕಥೆಯನ್ನು ಹೇಳಿಕೊಳ್ಳುವ ಹಾಡು ಬ್ಲೂಸ್. ವಾದ್ಯಗಳು ಸ್ಥಳದಲ್ಲೇ ಹೊಸದನ್ನು ಹೆಣೆಯುತ್ತ ಹೋಗುವುದು ಜಾಝ್. ಚರ್ಚಿನ ಆವೇಶವನ್ನು ಲೌಕಿಕದ ಮಾತಿಗೆ ತಂದದ್ದು ಸೋಲ್. ಜಮೈಕಾ ದ್ವೀಪದಲ್ಲಿ ರೂಪುಗೊಂಡದ್ದು ರೆಗ್ಗೇ. ಇವೆಲ್ಲದರ ಬೆನ್ನೆಲುಬಾಗಿ ಒಂದು ನಡೆ ಇದೆ: ಒಬ್ಬರು ಎತ್ತಿದ ಸೊಲ್ಲಿಗೆ ಉಳಿದವರು ಮರುಸೊಲ್ಲು ಕೊಡುವುದು. ಡೊಳ್ಳಿನ ಪದದಲ್ಲಿ, ಸೋಬಾನೆಯಲ್ಲಿ, ಭಜನೆಯ ಮೇಳದಲ್ಲಿ ಇದನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದರ ವಿವರಣೆ ಹೆಚ್ಚು ಬೇಕಾಗಿಲ್ಲ. ಆದರೆ ಅಲ್ಲಿನ ಮರುಸೊಲ್ಲಿನ ಹಿಂದೆ ಒಂದು ಕ್ರೂರ ಚರಿತ್ರೆಯೂ ಇದೆ. 1739ರಲ್ಲಿ ದಕ್ಷಿಣ ಕೆರೋಲಿನಾದ ಸ್ಟೋನೋ ಎಂಬಲ್ಲಿ ಗುಲಾಮರು ಬಂಡೆದ್ದಾಗ ಡೋಲು ಬಾರಿಸಿ ಜನರನ್ನು ಕೂಡಿಸಿದ್ದರು. ಮರುವರ್ಷದ ಕಾನೂನು ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಡೋಲು ಕಿತ್ತುಕೊಂಡ ಕಡೆ ತಾಳವು ಅಂಗೈಗೆ, ತೊಡೆಗೆ, ನೆಲಕ್ಕೆ ಬಡಿಯುವ ಪಾದಕ್ಕೆ ಇಳಿಯಿತು. ಕೇಳುಗರು ಸುಮ್ಮನೆ ಕೂತಿರದೆ ಚಪ್ಪಾಳೆಯಿಂದ, ಕೂಗಿನಿಂದ, ಮರುಸೊಲ್ಲಿನಿಂದ ಹಾಡನ್ನು ಹೊತ್ತು ನಡೆಸುವುದು ಈ ಸಂಗೀತದಲ್ಲಿ ಅಲಂಕಾರವಲ್ಲ, ಅದರ ಅರ್ಧ ಶರೀರ.

ಸಿನಿಮಾ ಈ ಅರ್ಧವನ್ನು ಹಿಡಿದಿಡಬಲ್ಲದು, ಆದರೆ ಮರಳಿ ಕೊಡಲಾರದು. 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಎರಡು ರಾತ್ರಿ ಗಾಸ್ಪೆಲ್ ಹಾಡಿದಾಗ ನಿರ್ದೇಶಕ ಸಿಡ್ನಿ ಪೊಲ್ಲಾಕ್ ಅದನ್ನು ಚಿತ್ರೀಕರಿಸಿದರು. ದೃಶ್ಯಕ್ಕೂ ಧ್ವನಿಗೂ ಹೊಂದಿಕೆ ತರಲು ಪ್ರತಿ ಚಿತ್ರಿಕೆಯ ಮೊದಲಲ್ಲಿ ಹೊಡೆಯಬೇಕಾದ ಕ್ಲ್ಯಾಪ್ ಫಲಕವನ್ನು ಬಳಸದೆಹೋದುದರಿಂದ ಆ ಗಂಟೆಗಟ್ಟಲೆ ದೃಶ್ಯವನ್ನು ಧ್ವನಿಯೊಡನೆ ಜೋಡಿಸಲಾಗದೆ ಚಿತ್ರ ದಶಕಗಳ ಕಾಲ ಮೂಲೆಗೆ ಬಿತ್ತು; ಧ್ವನಿಮುದ್ರಿಕೆ ಮಾತ್ರ ಅದೇ ವರ್ಷ ಹೊರಬಂದು ಮನೆಮಾತಾಯಿತು. ‘ಅಮೇಜಿಂಗ್ ಗ್ರೇಸ್’ ಎಂಬ ಆ ಚಿತ್ರ ಜನರ ಮುಂದೆ ಬಂದದ್ದು 2018ರಲ್ಲಿ, ಗಾಯಕಿ ತೀರಿಕೊಂಡ ಕೆಲವೇ ತಿಂಗಳಿಗೆ. ಅದರಲ್ಲಿ ನೋಡಬೇಕಾದದ್ದು ಗಾಯಕಿಯನ್ನಷ್ಟೇ ಅಲ್ಲ, ಅವರ ಸುತ್ತಲಿನವರನ್ನೂ: ಎದ್ದು ಕುಣಿಯುವ ಮೇಳದವರು, ಕಣ್ಣೀರು ಒರೆಸಿಕೊಳ್ಳುವ ಮುದುಕಿಯರು, ಹಾಡಿನ ಮಧ್ಯೆ ಮಾತು ಕೂಡಿಸುವ ಪಾದ್ರಿ.

1969ರ ಬೇಸಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಉದ್ಯಾನವೊಂದರಲ್ಲಿ ಆರು ಭಾನುವಾರಗಳ ಕಾಲ ನಡೆದ ಸಂಗೀತೋತ್ಸವದ ಕಥೆ ಇನ್ನೂ ಕಹಿಯಾದದ್ದು. ಒಟ್ಟು ಸುಮಾರು 3 ಲಕ್ಷ ಜನ ಸೇರಿದ್ದ ಆ ಉತ್ಸವವನ್ನು ಹಾಲ್ ಟುಲ್ಚಿನ್ ಎಂಬವರು ಸುಮಾರು 40 ಗಂಟೆಗಳಷ್ಟು ಚಿತ್ರೀಕರಿಸಿದ್ದರೂ ಕೊಳ್ಳುವವರಿಲ್ಲದೆ ಅದರ ಬಹುಪಾಲು ಸುಮಾರು ಐವತ್ತು ವರ್ಷ ನೆಲಮಾಳಿಗೆಯಲ್ಲಿ ಕೂತಿತ್ತು. ಡ್ರಮ್ಮರ್ ಕ್ವೆಸ್ಟ್‌ಲವ್ ಅದರಿಂದ ‘ಸಮ್ಮರ್ ಆಫ್ ಸೋಲ್’ ಎಂಬ ಚಿತ್ರ ಕಟ್ಟಿದ್ದು 2021ರಲ್ಲಿ. ಮರುವರ್ಷ ಅದಕ್ಕೆ ಸಾಕ್ಷ್ಯಚಿತ್ರದ ಆಸ್ಕರ್ ಬಂತು. ಆ ಚಿತ್ರದ ಒಂದು ಭಾಗವನ್ನು ಬಿಡಿಸಿ ನೋಡುವುದು ಇಲ್ಲಿ ಅಗತ್ಯ. ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ವರ್ಷದ ಮೇಲೆ ಸ್ವಲ್ಪ ಕಳೆದಿತ್ತು. ಗುಂಡು ತಗಲುವ ತುಸು ಮೊದಲು ಕಿಂಗ್ ಅವರು ಸ್ಯಾಕ್ಸೊಫೋನ್ ವಾದಕರೊಬ್ಬರ ಬಳಿ ಆ ರಾತ್ರಿ ತಮ್ಮ ಮೆಚ್ಚಿನ ಗಾಸ್ಪೆಲ್ ನುಡಿಸಬೇಕೆಂದು ಕೇಳಿಕೊಂಡಿದ್ದ ಸಂಗತಿಯನ್ನು ಅವರ ಚಳವಳಿಯ ಸಂಗಾತಿ ಜೆಸ್ಸಿ ಜಾಕ್ಸನ್ ವೇದಿಕೆಯಿಂದ ಹೇಳುತ್ತಾರೆ. ಆ ಹಾಡನ್ನು 1932ರಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಒಟ್ಟಿಗೆ ಕಳೆದುಕೊಂಡ ಥಾಮಸ್ ಡಾರ್ಸಿ ಕಟ್ಟಿದ್ದರು. ಹಿರಿಯ ಗಾಯಕಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಬೇಕಾಗಿತ್ತು. ಮೈಯಲ್ಲಿ ಸೌಖ್ಯವಿಲ್ಲವೆಂದು ಅವರು ಪಕ್ಕದಲ್ಲಿದ್ದ ಕಿರಿಯ ಗಾಯಕಿ ಮೇವಿಸ್ ಸ್ಟೇಪಲ್ಸ್ ಅವರಿಗೆ ಮೊದಲು ಎತ್ತಿಕೊಳ್ಳಲು ಹೇಳಿದರು. ಆಕೆ ಎತ್ತಿಕೊಂಡ ಮೇಲೆ ಮಹಾಲಿಯಾ ಕೂಡಿಕೊಂಡರು. ಒಂದೇ ಮೈಕಿನ ಮುಂದೆ ಎರಡು ತಲೆಮಾರಿನ ಇಬ್ಬರು ಹೆಂಗಸರ ಹಾಡು ಬರಬರುತ್ತ ಪದಗಳನ್ನು ಮೀರಿ ಬರಿಯ ಕೂಗಾಗುತ್ತದೆ. ಇದನ್ನು ಮೊಬೈಲ್ ಪರದೆಯಲ್ಲಿ ಒಬ್ಬರೇ ನೋಡಬಹುದು, ಮನಸ್ಸು ಕಲಕಲೂಬಹುದು. ಆದರೆ ಇನ್ನೂರು ಜನರ ನಡುವೆ ನೋಡಿದಾಗ, ಆ ಕೂಗು ಸತ್ತವರ ಮನೆಯ ಮುಂದೆ ಎಲ್ಲರೂ ಕೇಳಿದ ಅಳುವಿನ ಹಾಡೇ ಎಂಬುದು ಪಕ್ಕದವರ ನಿಟ್ಟುಸಿರಿನಿಂದ ತಿಳಿಯುತ್ತದೆ. ಸಮುದಾಯ ಪ್ರದರ್ಶನದ ಪ್ರಯೋಜನ ಮೊದಲು ಸಿಗುವುದು ಇಲ್ಲಿ, ವಿವರಣೆಗೂ ಮುಂಚೆ.

ಇದೇ ಉತ್ಸವದ ಕಾವಲಿಗೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಾರ್ಯಕರ್ತರು ನಿಂತಿದ್ದರು. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಆ ಸಂಘಟನೆಯ ಹೆಸರನ್ನು ತಮ್ಮದಾಗಿಸಿಕೊಂಡು 1972ರಲ್ಲಿ ಮುಂಬೈಯ ತರುಣ ಬರಹಗಾರರು ದಲಿತ ಪ್ಯಾಂಥರ್ ಕಟ್ಟಿದರು. ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಅವರು ಅದರ ಮುಂಚೂಣಿಯಲ್ಲಿದ್ದವರು. ಕರ್ನಾಟಕದಲ್ಲಿ, ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣದ ಬಿಸಿಯ ನಂತರ, ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ತರೀಕೆರೆಯ ನೆರೆಯ ಭದ್ರಾವತಿಯಲ್ಲಿ, ಅಲ್ಲಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ ಅವರ ಮುಂದಾಳುತನದಲ್ಲಿ. ಸಿದ್ಧಲಿಂಗಯ್ಯ ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅದರ ಕವಿತೆಗಳು ಪುಸ್ತಕದಲ್ಲಿ ಓದಿದವರಿಗಿಂತ ಮೆರವಣಿಗೆಯಲ್ಲಿ ಹಾಡಿದವರ ಬಾಯಲ್ಲೇ ಹೆಚ್ಚು ಉಳಿದವು. ಜನಾರ್ದನ (ಜನ್ನಿ), ಪಿಚ್ಚಳ್ಳಿ ಶ್ರೀನಿವಾಸ್ ಮುಂತಾದ ಗಾಯಕರು, 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದ ಜಾಥಾಗಳು ಹೋರಾಟದ ಹಾಡನ್ನು ಹಳ್ಳಿಗಳವರೆಗೆ ಒಯ್ದವು. ಕಪ್ಪು ಜನರ ಹೋರಾಟದೊಡನೆ ಈ ಸಂಬಂಧ ಏಕಾಏಕಿ ಹುಟ್ಟಿದ್ದೂ ಅಲ್ಲ: ಜೋತಿಬಾ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ದುಡಿದವರಿಗೆ ಅರ್ಪಿಸಿದ್ದರು, 1946ರಲ್ಲಿ ಅಂಬೇಡ್ಕರ್ ಕಪ್ಪು ಜನರ ದೊಡ್ಡ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದಿದ್ದರು. ಹಾರ್ಲೆಮ್ಮಿನ ಉದ್ಯಾನದಿಂದ ಭದ್ರಾವತಿಯ ಬೀದಿಯವರೆಗಿನ ದಾರಿ ನಕಾಶೆಯಲ್ಲಿ ಕಾಣುವಷ್ಟು ಉದ್ದವಲ್ಲ.

ಈ ದಾರಿಯಲ್ಲಿ ನಡೆದು ಬಂದ ಒಂದು ಹಾಡು ಕರ್ನಾಟಕದ ಶಾಲಾ ಮಕ್ಕಳಿಗೂ ಬರುತ್ತದೆ. ‘ವಿ ಶಲ್ ಓವರ್‌ಕಮ್’ ಎಂಬ ಹಾಡಿನ ಹಿಂದಿ ರೂಪ, ಕನ್ನಡ ರೂಪಗಳು ಸ್ವಾತಂತ್ರ್ಯೋತ್ಸವದ ಅಂಗಳದಲ್ಲೂ ಜಾಥಾಗಳಲ್ಲೂ ಕೇಳಿಬರುತ್ತವೆ. ಅದರ ಬೇರು ಕಪ್ಪು ಜನರ ಚರ್ಚಿನಲ್ಲಿದೆ. 1945–46ರಲ್ಲಿ ದಕ್ಷಿಣ ಕೆರೋಲಿನಾದ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ, ಹೆಚ್ಚಾಗಿ ಕಪ್ಪು ಹೆಂಗಸರೇ ಇದ್ದ ಕೆಲಸಗಾರರ ಬಾಯಲ್ಲಿ ಅದು ಹೋರಾಟದ ಹಾಡಾಯಿತು. ಟೆನೆಸ್ಸಿಯ ಹೈಲ್ಯಾಂಡರ್ ಜಾನಪದ ಶಾಲೆಯಲ್ಲಿ ಜಿಲ್ಫಿಯಾ ಹಾರ್ಟನ್, ಪೀಟ್ ಸೀಗರ್ ಮೊದಲಾದವರ ಕೈಯಲ್ಲಿ ಈಗಿನ ರೂಪ ಪಡೆದು 1960ರ ನಂತರ ನಾಗರಿಕ ಹಕ್ಕುಗಳ ಚಳವಳಿಯ ಉಸಿರಾಯಿತು. ತಂಬಾಕು ಹೆಂಗಸರ ಹಾಡೆಂದು ತಿಳಿಯದೆಯೇ ಅದನ್ನು ಹಾಡುತ್ತ ಬಂದವರಿಗೆ ಅದರ ಹುಟ್ಟಿನ ಚಿತ್ರವನ್ನು ತೋರಿಸಿ, ಕೊನೆಗೆ ಎಲ್ಲರೂ ಕನ್ನಡದಲ್ಲಿ ಹಾಡುವಂತೆ ಮಾಡುವುದಕ್ಕಿಂತ ಒಳ್ಳೆಯ ಆರಂಭ ಇಂಥ ಸಂಜೆಗೆ ಸಿಗುವುದು ಕಷ್ಟ.

ಹೊರದೇಶದ ಚಿತ್ರ ಹಳ್ಳಿಯವರಿಗೆ ಅರ್ಥವಾದೀತೇ ಎಂಬ ಅನುಮಾನಕ್ಕೆ ಹೆಗ್ಗೋಡು ಹಿಂದೆಯೇ ಉತ್ತರ ಕೊಟ್ಟಿದೆ. 1949ರಲ್ಲಿ ಸಾಗರ ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ ಹವ್ಯಾಸಿ ನಾಟಕ ಸಂಘವಾಗಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಚಿತ್ರಸಮಾಜವೆಂದರೆ ವ್ಯಾಪಾರಿ ಚಿತ್ರಮಂದಿರಕ್ಕೆ ಬಾರದ ಒಳ್ಳೆಯ ಚಿತ್ರಗಳನ್ನು ತರಿಸಿ, ಸದಸ್ಯರು ಕೂಡಿ ನೋಡಿ ಚರ್ಚಿಸುವ ಕೂಟ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅವರು 1979ರಲ್ಲಿ ಹೆಗ್ಗೋಡಿಗೇ ಬಂದು ಶಿಬಿರ ನಡೆಸಿದರು. ಅಡಿಕೆ ತೋಟದವರು, ಮೇಷ್ಟರುಗಳು, ಗೃಹಿಣಿಯರು ಕುರೊಸಾವಾ, ಬರ್ಗ್‌ಮನ್, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ನೋಡಿ ವಾದಿಸಿದರು. 1980ರ ದಶಕದ ನಡುವಿನಲ್ಲಿ ‘ಜನಸ್ಪಂದನ’ ಯೋಜನೆಯಡಿ ನಾಟಕ ಶಿಬಿರಗಳನ್ನೂ ಚಿತ್ರೋತ್ಸವಗಳನ್ನೂ ರಾಜ್ಯದ ಬೇರೆ ಬೇರೆ ಹಳ್ಳಿಗಳಿಗೆ ಒಯ್ಯಲಾಯಿತು. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದರ ಹಿಂದೆ ಈ ಕೆಲಸವಿತ್ತು. ಪ್ರೇಕ್ಷಕರಿಗೆ ಏನು ಅರ್ಥವಾಗುತ್ತದೆ ಎಂಬುದನ್ನು ಪ್ರೇಕ್ಷಕರೇ ಹೇಳುವ ತನಕ ಬೇರೆಯವರು ತೀರ್ಮಾನಿಸಬಾರದು ಎಂಬುದು ಆ ಅನುಭವದಿಂದ ಹೊರಡುವ ಗಟ್ಟಿ ಪಾಠ.

ಅದೇ ಜನಸ್ಪಂದನದ ಕಾಲದಲ್ಲಿ ಇನ್ನೊಂದು ಕೆಲಸ ನಡೆಯಿತು, ಮತ್ತು ಈ ಲೇಖನದ ವಿಷಯಕ್ಕೆ ಕನ್ನಡದಲ್ಲಿ ಅದಕ್ಕಿಂತ ಹತ್ತಿರದ ನಿದರ್ಶನ ಬೇರೆಯಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾ ಮೂಲದವರು. ಅವರ ಹಿರಿಯರಲ್ಲಿ ಹಲವರು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅವರು ಮಂಚಿಕೇರಿ ಕಡೆಯ ಸಿದ್ದಿಯರನ್ನು ಕಟ್ಟಿಕೊಂಡು, ನೈಜೀರಿಯಾದ ಚಿನುವ ಅಚಿಬೆ 1958ರಲ್ಲಿ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ಹೆಸರಿನಿಂದ ರಂಗಕ್ಕೆ ತಂದರು. ಬಿಳಿಯರು ಬಂದ ಮೇಲೆ ಆಫ್ರಿಕಾದ ಹಳ್ಳಿಯೊಂದರ ಬದುಕು ಒಡೆದುಹೋಗುವ ಆ ಕಥೆಯನ್ನು, ಹಿಂದೊಮ್ಮೆ ಆ ಖಂಡದಿಂದ ಕಿತ್ತು ತರಲ್ಪಟ್ಟವರ ಮಕ್ಕಳು ಕನ್ನಡದಲ್ಲಿ, ತಮ್ಮದೇ ಕುಣಿತದೊಡನೆ ಆಡಿದರು.

ಆ ಕುಣಿತದ ಜೀವ ಡಮಾಮಿ. ಮರದ ಒಡಲಿಗೆ ತೊಗಲು ಬಿಗಿದ ಈ ವಾದ್ಯದ ಹೆಸರೇ ಕುಣಿತಕ್ಕೂ ಬಂದಿದೆ; ಅದರ ನಡೆ ಏರುತ್ತ ಹೋದಂತೆ ಹಾಡು ಚಿಕ್ಕದಾಗಿ, ಸೊಲ್ಲುಗಳ ನಡುವಿನ ಸಮಯ ಕಿರಿದಾಗಿ, ಕುಣಿಯುವವರು ಕೇಳುವವರು ಎಂಬ ಗೆರೆ ಅಳಿಸಿಹೋಗುತ್ತದೆ. ಹೆಂಗಸರ ಪುಗಡಿ ಕುಣಿತವೂ ಹಬ್ಬ ಮದುವೆಗಳಲ್ಲಿ ನಡೆಯುತ್ತದೆ. ಇಂದು ಸಿದ್ದಿ ಕಲಾವಿದರು ಕನ್ನಡ ರಂಗಭೂಮಿಗೂ ಸಿನಿಮಾಕ್ಕೂ ಬಂದಿದ್ದಾರೆ. ಪ್ರಶಾಂತ್ ಸಿದ್ದಿ ಪರಿಚಿತ ನಟ. 2021ರ ‘ಸಲಗ’ ಚಿತ್ರಕ್ಕೆ ಚರಣ್ ರಾಜ್ ಸಂಗೀತದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಹಾಡಿದ ಹಾಡು ಸಿದ್ದಿಯರ ದನಿಯನ್ನು ರಾಜ್ಯದ ಮೂಲೆಮೂಲೆಗೆ ತಲುಪಿಸಿತು. ಇದು ಹೆಮ್ಮೆಯ ವಿಷಯ. ಆದರೂ ಮೂರು ನಿಮಿಷದ ಹಾಡಿಗೆ ಹೆಜ್ಜೆ ಹಾಕಿದವರಲ್ಲಿ ಎಷ್ಟು ಮಂದಿಗೆ ಆ ದನಿಯ ಹಿಂದಿನ ಕಡಲ ಪಯಣ ಗೊತ್ತಿದೆ ಎಂದು ಕೇಳಿಕೊಳ್ಳಲೇಬೇಕು. ಗಣರಾಜ್ಯೋತ್ಸವದ ಮೆರವಣಿಗೆ, ಉತ್ಸವಗಳ ವೇದಿಕೆಗಳಲ್ಲಿ ಬುಡಕಟ್ಟಿನ ಕಲೆಗೆ ಸಿಗುವ ಸಮಯ ಹತ್ತು ನಿಮಿಷ, ಮಾತಿಗೆ ಸಿಗುವ ಸಮಯ ಶೂನ್ಯ. ಹಾರ್ಲೆಮ್ಮಿನ ಚಿತ್ರವೊಂದು ತೆರೆಯ ಮೇಲೆ ಮುಗಿದ ಮೇಲೆ ಡಮಾಮಿ ಎದ್ದು, ಆಮೇಲೆ ಬಾರಿಸಿದವರೇ ಮೈಕು ಹಿಡಿದು ತಮ್ಮ ಊರಿನ, ಕಾಡಿನ ಹಕ್ಕಿನ, ಬಣ್ಣದ ಕಾರಣಕ್ಕೆ ಕೇಳಿಸಿಕೊಂಡ ಮಾತುಗಳ ಕಥೆ ಹೇಳುವ ಸಂಜೆಯ ಬೆಲೆ ಇದರಿಂದ ಸ್ಪಷ್ಟವಾಗುತ್ತದೆ.

ಚಿತ್ರ, ಹಾಡು, ಮಾತು ಮೂರನ್ನೂ ಜೋಡಿಸುವ ಕ್ರಮ ಭಾರತಕ್ಕೆ ಹೊಸದೂ ಅಲ್ಲ. ಬೆಂಗಳೂರಿನ ಸೃಷ್ಟಿ ಕಲೆ-ವಿನ್ಯಾಸ ಸಂಸ್ಥೆಯಲ್ಲಿದ್ದು ಶಬನಮ್ ವಿರ್ಮಾನಿ 2003ರಲ್ಲಿ ಆರಂಭಿಸಿದ ಕಬೀರ್ ಪ್ರಾಜೆಕ್ಟಿನ ಚಿತ್ರಗಳು ಮಾಳವದ ಪ್ರಹ್ಲಾದ ಟಿಪಾಣಿಯಾ ಅವರಂಥ ಜನಪದ ಗಾಯಕರ ಹಾಡಿನೊಡನೆ, ಚರ್ಚೆಯೊಡನೆ ಊರೂರು ತಿರುಗಿದವು. ಆನಂದ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಇನ್ನೂ ನೇರವಾದ ಮಾದರಿ. 1997ರ ಜುಲೈ 11ರಂದು ಮುಂಬೈಯ ರಮಾಬಾಯಿ ಕಾಲೊನಿಯಲ್ಲಿ ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನವನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನ ಸತ್ತರು. ಅದರ ನೋವಿನಲ್ಲಿ ಕವಿ-ಗಾಯಕ ವಿಲಾಸ್ ಘೋಗ್ರೆ ಪ್ರಾಣ ಬಿಟ್ಟರು. ಆ ಗಾಯಕನ ಜಾಡು ಹಿಡಿದು ಹದಿನಾಲ್ಕು ವರ್ಷ ಚಿತ್ರೀಕರಿಸಿ 2011ರಲ್ಲಿ ಮುಗಿಸಿದ, ಮೂರು ಗಂಟೆಗೂ ಮೀರಿದ ಈ ಚಿತ್ರ ಮುಂಬೈಯ ಚಾಳ್‌ಗಳಲ್ಲಿ, ದಲಿತ ಬಸ್ತಿಗಳಲ್ಲಿ ಬಯಲು ತೆರೆ ಕಟ್ಟಿ ತೋರಿಸಲ್ಪಟ್ಟಿತು. ಚಿತ್ರದಲ್ಲಿದ್ದ ಜನರೇ ಎದುರಿಗೆ ಕೂತಿದ್ದರು.

ತರೀಕೆರೆ ಸೀಮೆಯಲ್ಲಿ ಇಂಥ ಸಂಜೆಗೆ ಕಲಾವಿದರನ್ನು ದೂರದಿಂದಲೇ ಕರೆತರಬೇಕಾಗಿಲ್ಲ. ಇಲ್ಲಿ ಡೊಳ್ಳು ಇದೆ, ವೀರಗಾಸೆಯ ಒಡಪು ಇದೆ, ತಮಟೆ ಇದೆ. ಅಜ್ಜಂಪುರದಿಂದ ಸ್ವಲ್ಪವೇ ಆಚೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕವನ್ನು ಊರೂರಿಗೆ ಒಯ್ಯುತ್ತ, ಬಯಲಿನಲ್ಲಿ ಗಂಟೆಗಟ್ಟಲೆ ಕೂತು ನೋಡುವ ಪ್ರೇಕ್ಷಕರನ್ನು ಈ ಭಾಗದಲ್ಲಿ ಬೆಳೆಸಿದೆ. ಹೆಚ್ಚು ಯೋಚಿಸಬೇಕಾದದ್ದು ತಮಟೆಯ ಬಗ್ಗೆ. ಊರಿನ ಸಾವಿಗೆ, ಜಾತ್ರೆಗೆ, ಸಾರು ಹಾಕುವುದಕ್ಕೆ ತಮಟೆ ಬಾರಿಸುವುದನ್ನು ಜಾತಿಯ ಕರ್ತವ್ಯವೆಂದು ಹೇರಲಾಗಿತ್ತು. ದಲಿತ ಚಳವಳಿಯ ದಿನಗಳಲ್ಲಿ ಹಲವು ಕಡೆ ಯುವಕರು ಆ ಬಿಟ್ಟಿ ಚಾಕರಿಯನ್ನು ಧಿಕ್ಕರಿಸಿ ತಮಟೆ ಬಾರಿಸುವುದನ್ನೇ ನಿಲ್ಲಿಸಿದರು. ಮತ್ತೆ ಹಲವರು ಅದೇ ತಮಟೆಯನ್ನು ಪ್ರತಿಭಟನೆಯ ಮುಂಚೂಣಿಗೆ ತಂದರು. ಎರಡೂ ನಿಲುವುಗಳಲ್ಲಿ ಮಾನದ ಪ್ರಶ್ನೆಯೇ ಇದೆ. ಅಮೆರಿಕದಲ್ಲಿ ಒಡೆಯ ಡೋಲನ್ನು ಕಿತ್ತುಕೊಂಡ, ಇಲ್ಲಿ ಒಡೆಯ ಡೋಲನ್ನು ಕೊರಳಿಗೆ ಕಟ್ಟಿದ. ಈ ವ್ಯತ್ಯಾಸವನ್ನು ಕಪ್ಪು ಜನರ ಚಿತ್ರ ನೋಡಿದ ರಾತ್ರಿಯೇ, ತಮಟೆ ಬಾರಿಸುವವರ ಬಾಯಿಂದ ಕೇಳಿದರೆ ಚರ್ಚೆಗೆ ಬೇರೆ ಮುನ್ನುಡಿ ಬೇಡ.

ನಡೆಸುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಸಾರ್ವಜನಿಕವಾಗಿ ತೋರಿಸುವ ಮೊದಲು ಚಿತ್ರದ ಹಕ್ಕುದಾರರಿಂದ ಅನುಮತಿ ಪಡೆಯಬೇಕು. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಅದಕ್ಕೆ ಸಾಲದು. ಇಂಗ್ಲಿಷ್ ಮಾತಿನ ಚಿತ್ರವಾದರೆ ಕನ್ನಡ ಅಡಿಬರಹ ಇರಬೇಕು, ಇಲ್ಲವಾದರೆ ಪ್ರತಿ ಹಾಡಿನ ಮುಂಚೆ ಒಬ್ಬರು ಅದರ ಸಂದರ್ಭವನ್ನು ಎರಡು ಮಾತಿನಲ್ಲಿ ಹೇಳಿ ಸುಮ್ಮನಾಗಬೇಕು. ಹಾಡಿನ ಮಧ್ಯೆ ವಿವರಣೆ ಬೇಡ. ಪೂರ್ತಿ ಚಿತ್ರ ದೀರ್ಘವೆನಿಸಿದರೆ ಹಕ್ಕುದಾರರ ಒಪ್ಪಿಗೆಯ ಮೇಲೆ ಭಾಗಗಳನ್ನು ಆರಿಸಿಕೊಳ್ಳಬಹುದು. ‘ವಾಟ್‌ಸ್ಟ್ಯಾಕ್ಸ್’ ಇದಕ್ಕೆ ಹೇಳಿ ಮಾಡಿಸಿದಂತಿದೆ: 1972ರ ಆಗಸ್ಟ್ 20ರಂದು, ಒಂದು ಡಾಲರ್ ಟಿಕೆಟ್ಟಿಗೆ ಲಾಸ್ ಏಂಜಲೀಸಿನ ಕ್ರೀಡಾಂಗಣದಲ್ಲಿ ಸುಮಾರು 1 ಲಕ್ಷ ಜನ ಸೇರಿದ್ದ ಸಂಗೀತಗೋಷ್ಠಿಯ ಆ ಚಿತ್ರ ಹಾಡುಗಳ ನಡುನಡುವೆ ಬಡಾವಣೆಯ ಕ್ಷೌರದಂಗಡಿ, ಬೀದಿಗಳಲ್ಲಿ ಜನ ಆಡುವ ಮಾತನ್ನೇ ಹೆಣೆದಿದೆ, ಹಾಗಾಗಿ ಅದರ ಪ್ರೇಕ್ಷಕರಿಗೆ ಚರ್ಚೆ ತಾನಾಗಿ ಬಾಯಿಗೆ ಬರುತ್ತದೆ. ವೇದಿಕೆಯ ಮೇಲೆ ಪ್ರಾಧ್ಯಾಪಕರಿಗೆ ಕುರ್ಚಿ, ಡೊಳ್ಳಿನವರಿಗೆ ಪಕ್ಕದ ನೆಲ ಎಂಬ ರೂಢಿಯನ್ನು ಬಿಟ್ಟು ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ಭಾಷಣಕ್ಕೆ ಕೊಡುವಷ್ಟೇ ಗೌರವಧನ ಬಾರಿಸಿದವರಿಗೂ ಅದೇ ರಾತ್ರಿ, ಊರಿಗೆ ಹೊರಡುವ ಮುನ್ನ, ಪ್ರಯಾಣದ ಖರ್ಚಿನೊಡನೆ ಕೈಸೇರಬೇಕು.